ಬೈಕಿನ ಡಿಸ್ಕ್ ಬ್ರೇಕ್ ಮೆತ್ತಗಾದರೆ ಏನು ಮಾಡಬೇಕು? ಮನೆಯಲ್ಲೇ ಏರ್ ತೆಗೆಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯವರು ಕುಮಟಾಕ್ಕೆ ಬರಬೇಕಾದರೆ ದೇವಿಮನೆ ಘಾಟಿ ಇಳಿಯಬೇಕು. ಯಲ್ಲಾಪುರದವರು ಅಂಕೋಲಾಕ್ಕೆ ಬರಲು ಅರಬೈಲ್ ಘಾಟಿ, ಜೋಯಿಡಾದವರು ಕಾರವಾರಕ್ಕೆ ಬರಲು ಅಣಶಿ ಘಾಟಿ. ಕೆಳಗೆ ಕರಾವಳಿಯಲ್ಲಿ ಉಪ್ಪುಗಾಳಿ, ಮೇಲೆ ತಿಂಗಳುಗಟ್ಟಲೆ ಮಳೆ. ಹಾಗಾಗಿ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಬೈಕಿನ ಬ್ರೇಕಿಗೆ ಕೆಲಸವೂ ಜಾಸ್ತಿ, ಕಾಯಿಲೆಯೂ ಜಾಸ್ತಿ. ಪಾನಾ ಕೈಗೆ ತೆಗೆದುಕೊಳ್ಳುವ ಮೊದಲು ಒಂದು ಮಾತು. ಬ್ರೇಕ್ ಯಾಕೆ ಮೆತ್ತಗಾಯಿತು ಅಂತ ತಿಳಿಯದೆ ಏರ್ ತೆಗೆಯಲು ಕೂರಬೇಡಿ. ಕಾರಣ ಬೇರೆಯೇ ಇದ್ದರೆ ಅರ್ಧ ದಿನದ ಕೆಲಸ ದಂಡ. ಅದಕ್ಕಿಂತ ಕೆಟ್ಟದ್ದೆಂದರೆ, ಸರಿಯಾಯಿತು ಅಂದುಕೊಂಡು ಘಾಟಿ ಇಳಿಯುತ್ತೀರಿ.

ಬ್ರೇಕ್ ಮೆತ್ತಗಾಗಿದೆ ಅಂದರೆ ಒಳಗೆ ಏನಾಗಿರುತ್ತದೆ?

ಲಿವರ್ ಒತ್ತಿದಾಗ ಹ್ಯಾಂಡಲ್ ಮೇಲಿರುವ ಮಾಸ್ಟರ್ ಸಿಲಿಂಡರ್ ಬ್ರೇಕ್ ಆಯಿಲನ್ನು ತಳ್ಳುತ್ತದೆ. ಆಯಿಲ್ ಪೈಪಿನ ಮೂಲಕ ಚಕ್ರದ ಡಿಸ್ಕನ್ನು ಎರಡೂ ಬದಿಯಿಂದ ಹಿಡಿಯುವ ಕ್ಯಾಲಿಪರಿಗೆ ಬಂದು ಪಿಸ್ಟನ್ ತಳ್ಳುತ್ತದೆ. ಪಿಸ್ಟನ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುತ್ತದೆ. ದ್ರವ ಎಷ್ಟು ಒತ್ತಿದರೂ ಕುಗ್ಗುವುದಿಲ್ಲ, ಅದಕ್ಕೇ ಈ ವ್ಯವಸ್ಥೆ ನಡೆಯುತ್ತದೆ. ಗಾಳಿ ಕುಗ್ಗುತ್ತದೆ. ಒಂದು ಸಣ್ಣ ಗುಳ್ಳೆ ಒಳಗಿದ್ದರೂ ನಿಮ್ಮ ಬೆರಳಿನ ಬಲ ಮೊದಲು ಅದನ್ನು ಕುಗ್ಗಿಸಲು ಖರ್ಚಾಗುತ್ತದೆ. ಕೈಗೆ ಅದು ಮೆತ್ತಗೆ ಅನ್ನಿಸುತ್ತದೆ. ಲಿವರ್ ಹ್ಯಾಂಡಲಿನ ಹತ್ತಿರ ಬಂದರೂ ಬೈಕ್ ನಿಲ್ಲುವ ಲಕ್ಷಣ ಕಾಣುವುದಿಲ್ಲ.

ನನ್ನ ಬೈಕಿಗೆ ಏರ್ ಹಿಡಿದಿದೆಯೋ, ಬೇರೆ ಏನಾದರೂ ಆಗಿದೆಯೋ? ಹೇಗೆ ತಿಳಿಯುವುದು?

ಬೈಕ್ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಲಿವರ್ ಒತ್ತಿ ನೋಡಿ. ಕೈಯೇ ಅರ್ಧ ಉತ್ತರ ಹೇಳುತ್ತದೆ.

ಮೊದಲ ಸಲ ಒತ್ತಿದಾಗ ಒಳಗೆ ಹೋಗಿ, ಬೇಗ ಬೇಗ ಮೂರು ನಾಲ್ಕು ಸಲ ಒತ್ತಿದರೆ ಗಟ್ಟಿಯಾಗುತ್ತದಾ? ಹೆಚ್ಚಾಗಿ ಅದು ಗಾಳಿ. ಆದರೆ ಪ್ಯಾಡ್ ಪೂರ್ತಿ ಸವೆದಿದ್ದರೂ, ಹ್ಯಾಂಡಲ್ ಮೇಲಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಆಯಿಲ್ ಇಳಿದಿದ್ದರೂ, ಡಿಸ್ಕ್ ಸ್ವಲ್ಪ ಬಾಗಿ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತಿದ್ದರೂ ಹೀಗೇ ಆಗುತ್ತದೆ. ಅವುಗಳನ್ನು ಮೊದಲು ನೋಡಿಬಿಡಿ.

ಲಿವರ್ ಗಟ್ಟಿಯಾಗಿ ಹಿಡಿದುಕೊಂಡಿದ್ದೀರಿ, ಆದರೂ ಅರ್ಧ ನಿಮಿಷದಲ್ಲಿ ಮೆಲ್ಲಗೆ ಹ್ಯಾಂಡಲಿನತ್ತ ಇಳಿಯುತ್ತಿದೆಯಾ? ಅದು ಗಾಳಿಯಲ್ಲ. ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲ್ ಹೋಗಿದೆ. ಎಷ್ಟು ಏರ್ ತೆಗೆದರೂ ಇದು ಸರಿಹೋಗುವುದಿಲ್ಲ. ಸೋರಿಕೆ ಹುಡುಕಲು ಸುಲಭದ ದಾರಿ ಇದೆ. ಪೈಪ್ ಸೇರುವ ಬ್ಯಾಂಜೋ ಬೋಲ್ಟುಗಳನ್ನೂ, ಕ್ಯಾಲಿಪರಿನಲ್ಲಿ ಏರ್ ತೆಗೆಯಲೆಂದೇ ಇರುವ ಟೊಳ್ಳು ಸ್ಕ್ರೂ ಅಂದರೆ ನಿಪ್ಪಲನ್ನೂ ಒರೆಸಿ ಒಣಗಿಸಿ, ಅವಕ್ಕೆ ಬಿಳಿ ಟಿಶ್ಯೂ ಕಾಗದ ಸುತ್ತಿ, ಒಂದು ನಿಮಿಷ ಲಿವರ್ ಬಲವಾಗಿ ಹಿಡಿಯಿರಿ. ಕಾಗದ ಎಲ್ಲಿ ಒದ್ದೆಯಾಯಿತೋ ಅಲ್ಲೇ ಸೋರಿಕೆ. ಲಿವರ್ ತಿರುಗುವ ಜಾಗದ ರಬ್ಬರ್ ಹೊದಿಕೆಯನ್ನೂ ಎತ್ತಿ ನೋಡಿ. ಅದರೊಳಗೆ ಆಯಿಲ್ ಜಿನುಗಿದ್ದರೆ ಸೀಲ್ ಹೋಗಿದೆ ಅಂತಲೇ ಲೆಕ್ಕ.

ಬೆಳಿಗ್ಗೆ ಗಟ್ಟಿ, ಘಾಟಿ ಇಳಿಯುವಾಗ ಮೆತ್ತಗೆ, ತಣ್ಣಗಾದ ಮೇಲೆ ಮತ್ತೆ ಗಟ್ಟಿ ಆಗುತ್ತಿದ್ದರೆ ಆಯಿಲ್ ಹಳೆಯದಾಗಿ ನೀರು ಸೇರಿ ಕುದಿಯುತ್ತಿದೆ. ಮಾರನೆಯ ದಿನ ಸರಿ ಇದೆ ಅಂತ ಸುಮ್ಮನಿರಬೇಡಿ. ಈ ಪಟ್ಟಿಯಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಇದೇ, ಯಾಕೆಂದರೆ ಮನೆ ಅಂಗಳದಲ್ಲಿ ಇದು ಗೊತ್ತೇ ಆಗುವುದಿಲ್ಲ.

ಲಿವರ್ ಕಲ್ಲಿನಷ್ಟು ಗಟ್ಟಿ, ಆದರೂ ಬೈಕ್ ನಿಲ್ಲುತ್ತಿಲ್ಲ ಅಂದರೆ ಆಯಿಲಿನ ದೋಷ ಅಲ್ಲ. ಪ್ಯಾಡ್ ಮೇಲೆ ಎಣ್ಣೆ ಬಿದ್ದಿದೆ, ಸುಟ್ಟು ನುಣುಪಾಗಿದೆ, ಇಲ್ಲವೇ ಕ್ಯಾಲಿಪರಿನ ಪಿಸ್ಟನ್ ಹಿಡಿದುಕೊಂಡಿದೆ.

ಎಲ್ಲೂ ಸೋರಿಲ್ಲ, ಆಯಿಲ್ ಕಡಿಮೆಯೂ ಆಗಿಲ್ಲ. ಆದರೂ ಬದಲಾಯಿಸಬೇಕಾ?

ಬೇಕು. ಡಾಟ್ 3, ಡಾಟ್ 4, ಡಾಟ್ 5.1 ಅನ್ನುವ ದರ್ಜೆಗಳ ಬ್ರೇಕ್ ಆಯಿಲುಗಳು ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತವೆ. ಮಳೆಗಾಲದಲ್ಲಿ ಮುಚ್ಚಿಟ್ಟ ಭರಣಿಯಲ್ಲೂ ಉಪ್ಪು ನೀರೊಡೆಯುತ್ತದಲ್ಲ, ಇದೂ ಹಾಗೇ. ರಬ್ಬರ್ ಪೈಪಿನ ಮೂಲಕ, ಡಬ್ಬಿಯ ಮುಚ್ಚಳದ ಮೂಲಕ ಸ್ವಲ್ಪ ಸ್ವಲ್ಪವೇ ತೇವ ಸೇರುತ್ತದೆ. ನೀರು ಸೇರಿದಷ್ಟೂ ಆಯಿಲ್ ಕುದಿಯುವ ಉಷ್ಣತೆ ಇಳಿಯುತ್ತದೆ.

ಡಾಟ್ 4 ಹೊಸದಾಗಿದ್ದಾಗ ಕಡಿಮೆ ಎಂದರೂ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅನ್ನುವುದು ಮಾನದಂಡ. ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದಾಗ ಈ ಅಂಕಿ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ ಹೊಸದರಲ್ಲಿ 205, ನೀರು ಸೇರಿದ ಮೇಲೆ 140. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ. ಆವಿಯೂ ಗಾಳಿಯ ಹಾಗೇ ಕುಗ್ಗುತ್ತದೆ, ಲಿವರ್ ಸೀದಾ ಹ್ಯಾಂಡಲಿಗೆ ಬಡಿಯುತ್ತದೆ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಬ್ಬರು ಕೂತು, ಮೇಲೊಂದು ಚೀಲ ಇಟ್ಟುಕೊಂಡು ಅಷ್ಟು ಎತ್ತರವನ್ನು ಬ್ರೇಕಿನಲ್ಲೇ ಇಳಿದರೆ ಆ ಶಾಖವೆಲ್ಲ ಡಿಸ್ಕಿಗೆ, ಡಿಸ್ಕಿನಿಂದ ಆಯಿಲಿಗೆ.

ಹೆಚ್ಚಿನ ಕಂಪನಿಗಳು ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿ ಅನ್ನುತ್ತವೆ. ವಾರಕ್ಕೊಮ್ಮೆಯಾದರೂ ಘಾಟಿ ಇಳಿಯುವವರು ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಿ ಅನ್ನುವುದು ನನ್ನ ಸಲಹೆ. ಮಾಡುವುದಾದರೆ ಮೇ ತಿಂಗಳಲ್ಲಿ, ಮಳೆ ಶುರುವಾಗುವ ಮೊದಲು, ಒಣ ದಿನ ನೋಡಿ ಮಾಡಿ. ಧೋ ಅಂತ ಮಳೆ ಸುರಿಯುವಾಗ ಡಬ್ಬಿಯ ಮುಚ್ಚಳ ತೆಗೆದಿಟ್ಟು ಕೆಲಸ ಮಾಡುವುದು ಬೇಡ.

ಯಾವ ಆಯಿಲ್ ಹಾಕಬೇಕು?

ಡಬ್ಬಿಯ ಮುಚ್ಚಳದ ಮೇಲೆ ಬರೆದಿರುತ್ತದೆ, ಅದನ್ನೇ ಹಾಕಿ. ಈಗಿನ ಬೈಕುಗಳಲ್ಲಿ ಡಾಟ್ 3 ಅಥವಾ ಡಾಟ್ 4 ಜಾಸ್ತಿ. ಡಾಟ್ 3 ಬರೆದಿದ್ದಲ್ಲಿ ಡಾಟ್ 4 ಹಾಕಬಹುದು, ಡಾಟ್ 4 ಬರೆದಿದ್ದಲ್ಲಿ ಡಾಟ್ 3 ಬೇಡ. ಡಾಟ್ 5 ಅಂತ ಬೇರೆಯೇ ಒಂದು ಬರುತ್ತದೆ, ಅದು ಸಿಲಿಕೋನಿನದ್ದು. ಅದನ್ನು ಉಳಿದವುಗಳ ಜೊತೆ ಯಾವತ್ತೂ ಬೆರೆಸಬಾರದು. 5 ಮತ್ತು 5.1 ಒಂದೇ ಅಲ್ಲ, ಅಂಗಡಿಯಲ್ಲಿ ಬಾಟಲಿ ತಿರುಗಿಸಿ ಓದಿಯೇ ತನ್ನಿ.

ಎಂಜಿನ್ ಆಯಿಲ್, ಹೊಲಿಗೆ ಮಿಶಿನ್ ಎಣ್ಣೆ, ಸೀಮೆಎಣ್ಣೆ ಒಂದು ಹನಿಯೂ ಒಳಗೆ ಹೋಗಬಾರದು. ಬ್ರೇಕಿನ ರಬ್ಬರ್ ಸೀಲುಗಳು ಅದರಿಂದ ಉಬ್ಬಿ ಹಾಳಾಗುತ್ತವೆ, ಆಮೇಲೆ ಇಡೀ ವ್ಯವಸ್ಥೆಯ ರಬ್ಬರನ್ನೇ ಬದಲಾಯಿಸಬೇಕಾಗುತ್ತದೆ. ಹೋದ ವರ್ಷ ಒಡೆದು ಕಪಾಟಿನಲ್ಲಿಟ್ಟ ಅರ್ಧ ಬಾಟಲಿಯನ್ನೂ ಬಳಸಬೇಡಿ. ಅದು ಅಲ್ಲೇ ಕೂತು ತೇವ ಕುಡಿದಿರುತ್ತದೆ. ಸೀಲ್ ಇರುವ ಸಣ್ಣ ಬಾಟಲಿ ತನ್ನಿ. ಮುಂದೆ ಹಿಂದೆ ಎರಡಕ್ಕೂ ಸೇರಿ ಕಾಲು ಲೀಟರ್ ಸಾಕು.

ಏನೇನು ಸಾಮಾನು ಬೇಕು?

ನಿಪ್ಪಲಿಗೆ ಹೊಂದುವ ರಿಂಗ್ ಪಾನಾ, ಬಹಳ ಬೈಕುಗಳಿಗೆ 8 ನಂಬರಿನದು. ಬಾಯಿ ತೆರೆದ ಪಾನಾ ಹಾಕಿದರೆ ನಿಪ್ಪಲಿನ ಮೂಲೆ ಸವೆದು ಹೋಗುತ್ತದೆ. ನಿಪ್ಪಲಿಗೆ ಬಿಗಿಯಾಗಿ ಕೂರುವ ಪಾರದರ್ಶಕ ಪೈಪು ಬೇಕು. ಮೀನಿನ ತೊಟ್ಟಿಗೆ ಗಾಳಿ ಬಿಡುವ ಪೈಪು ಆಗುತ್ತದೆ. ಒಂದು ಖಾಲಿ ಬಾಟಲಿ, ಔಷಧಿ ಅಂಗಡಿಯ ಸೂಜಿ ಇಲ್ಲದ ಸಿರಿಂಜು, ಸ್ಟಾರ್ ಸ್ಕ್ರೂಡ್ರೈವರ್, ಹಳೆ ಬಟ್ಟೆ, ಒಂದು ಬಕೆಟ್ ನೀರು. ಕೈಗವಸು, ಕನ್ನಡಕ ಇರಲಿ. ಕಣ್ಣಿಗೆ ಹಾರಿದರೆ ತುಂಬಾ ಹೊತ್ತು ನೀರು ಹಾಕಿ ತೊಳೆದು ಡಾಕ್ಟರ ಹತ್ತಿರ ಹೋಗಿ.

ಮುಂದಿನ ಬ್ರೇಕಿನ ಏರ್ ತೆಗೆಯುವುದು ಹೇಗೆ?

ಬೈಕನ್ನು ಸಮ ನೆಲದಲ್ಲಿ ನಿಲ್ಲಿಸಿ, ಹ್ಯಾಂಡಲ್ ತಿರುಗಿಸಿ ಆಯಿಲ್ ಡಬ್ಬಿ ಸಮಮಟ್ಟಕ್ಕೆ ಬರುವಂತೆ ಮಾಡಿ. ಟ್ಯಾಂಕ್ ಮೇಲೆ ದಪ್ಪ ಬಟ್ಟೆ ಹೊದಿಸಿ. ಬ್ರೇಕ್ ಆಯಿಲ್ ಪೇಂಟನ್ನು ತಿಂದುಹಾಕುತ್ತದೆ. ಬಿದ್ದರೆ ಒರೆಸಿ ಬಿಡಬೇಡಿ, ತಕ್ಷಣ ನೀರು ಹೊಯ್ದು ತೊಳೆಯಿರಿ. ಡಬ್ಬಿಯ ಬಾಯಿ ತೆರೆದಿದ್ದಾಗ ಮಾತ್ರ ಆ ಕಡೆ ನೀರು ಸಿಡಿಯದಂತೆ ನೋಡಿಕೊಳ್ಳಿ.

ಮುಚ್ಚಳದ ಎರಡು ಸ್ಕ್ರೂ ತೆಗೆಯುವಾಗ ಅವಸರ ಬೇಡ. ಕರಾವಳಿಯ ಬೈಕುಗಳಲ್ಲಿ ಅವು ಉಪ್ಪಿಗೆ ಹಿಡಿದಿರುತ್ತವೆ, ತಲೆಯೂ ಮೆದು. ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಇಟ್ಟು, ಹಿಂದಿನಿಂದ ಹಗುರಾಗಿ ಒಂದೆರಡು ಪೆಟ್ಟು ಕೊಟ್ಟು, ಬಲವಾಗಿ ಒತ್ತಿಯೇ ತಿರುಗಿಸಿ. ಒಳಗೆ ಒಂದು ರಬ್ಬರ್ ಹಾಳೆ ಇರುತ್ತದೆ. ಅದನ್ನು ತೆಗೆದು ಒರೆಸಿಡಿ. ಹಳೆ ಆಯಿಲನ್ನು ಸಿರಿಂಜಿನಲ್ಲಿ ಎಳೆದು ತೆಗೆದು, ತಳದ ಕೆಸರನ್ನು ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಹೊಸ ಆಯಿಲ್ ಮೇಲಿನ ಗೆರೆಯ ತನಕ ತುಂಬಿ.

ಈಗ ಕೆಳಗೆ ಬನ್ನಿ. ಕ್ಯಾಲಿಪರಿನ ನಿಪ್ಪಲಿನ ರಬ್ಬರ್ ಟೊಪ್ಪಿ ತೆಗೆದು, ಮೊದಲು ರಿಂಗ್ ಪಾನಾ ಕೂರಿಸಿ, ಆಮೇಲೆ ಪೈಪು ಸಿಗಿಸಿ. ಪೈಪಿನ ಇನ್ನೊಂದು ತುದಿ ಬಾಟಲಿಯಲ್ಲಿ ಸ್ವಲ್ಪ ಹೊಸ ಆಯಿಲ್ ಹಾಕಿ ಅದರೊಳಗೆ ಮುಳುಗಿರಲಿ. ಮನೆಯವರಲ್ಲಿ ಒಬ್ಬರನ್ನು ಲಿವರ್ ಹತ್ತಿರ ನಿಲ್ಲಿಸಿ. ಇಬ್ಬರ ನಡುವೆ ಮೂರೇ ಮಾತು: ‘ಒತ್ತು’, ‘ಹಿಡ್ಕೋ’, ‘ಬಿಡು’. ನೀವು ಹೇಳುವ ತನಕ ಅವರು ಬಿಡುವಂತಿಲ್ಲ.

ಅವರು ಮೂರು ನಾಲ್ಕು ಸಲ ಮೆಲ್ಲಗೆ ಒತ್ತಿ ಹಿಡಿದುಕೊಳ್ಳಲಿ. ನೀವು ನಿಪ್ಪಲನ್ನು ಕಾಲು ಸುತ್ತು ಸಡಿಲ ಮಾಡಿ. ಲಿವರ್ ಒಳಗೆ ಇಳಿಯುತ್ತದೆ, ಪೈಪಿನಲ್ಲಿ ಆಯಿಲ್ ಬರುತ್ತದೆ, ಜೊತೆಗೆ ಗುಳ್ಳೆಗಳೂ ಬರುತ್ತವೆ. ಲಿವರ್ ಇನ್ನೂ ಒತ್ತಿದ್ದಾಗಲೇ ನಿಪ್ಪಲ್ ಬಿಗಿ ಮಾಡಿ. ಆಮೇಲೆ ‘ಬಿಡು’ ಅನ್ನಿ. ನಿಪ್ಪಲ್ ತೆರೆದಿರುವಾಗ ಲಿವರ್ ಬಿಟ್ಟರೆ ಗಾಳಿ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಮೊದಲಿನಿಂದ ಶುರು. ಗುಳ್ಳೆ ನಿಂತು, ಬರುವ ಆಯಿಲ್ ಕಂದು ಬಣ್ಣ ಬಿಟ್ಟು ತಿಳಿ ಹಳದಿ ಆಗುವ ತನಕ ಇದನ್ನೇ ಮಾಡುತ್ತಾ ಹೋಗಿ. ಐದಾರು ಸಲಕ್ಕೊಮ್ಮೆ ಡಬ್ಬಿ ನೋಡಿ ತುಂಬಿಸುತ್ತಿರಿ. ಕೆಳಗಿನ ಗೆರೆಗಿಂತ ಇಳಿದರೆ ಮೇಲಿನಿಂದಲೇ ಗಾಳಿ ಒಳಗೆ ಹೋಗುತ್ತದೆ.

ಬೈಕ್ ಹಳೆಯದಾದರೆ ಒಂದು ಎಚ್ಚರಿಕೆ. ದಿನಾ ಓಡಿಸುವಾಗ ಲಿವರ್ ಅರ್ಧ ದೂರ ಮಾತ್ರ ಹೋಗಿರುತ್ತದೆ. ಅದರಾಚೆ ಸಿಲಿಂಡರಿನ ಒಳಗೋಡೆಯಲ್ಲಿ ತುಕ್ಕು, ಕೆಸರು ಕೂತಿರಬಹುದು. ಏರ್ ತೆಗೆಯುವಾಗ ಲಿವರನ್ನು ಪೂರ್ತಿ ಒತ್ತಿದರೆ ರಬ್ಬರ್ ಸೀಲ್ ಆ ತುಕ್ಕಿನ ಮೇಲೆ ಹಾದು ಹರಿಯಬಹುದು. ಲಿವರ್ ಮತ್ತು ಹ್ಯಾಂಡಲಿನ ನಡುವೆ ಒಂದು ಸಣ್ಣ ಮರದ ತುಂಡು ಇಟ್ಟುಕೊಂಡು ಒತ್ತಿದರೆ ಆ ಅಪಾಯವಿಲ್ಲ.

ಕೊನೆಗೆ ನಿಪ್ಪಲನ್ನು ಹದವಾಗಿ ಬಿಗಿ ಮಾಡಿ. ಅದು ಟೊಳ್ಳು, ಜಾಸ್ತಿ ಬಲ ಹಾಕಿದರೆ ಮುರಿಯುತ್ತದೆ. ರಬ್ಬರ್ ಟೊಪ್ಪಿ ಮರೆಯದೆ ಹಾಕಿ.

ನಾನು ಒಬ್ಬನೇ ಇದ್ದೇನೆ. ಸಹಾಯಕ್ಕೆ ಯಾರೂ ಇಲ್ಲ. ಆಗುತ್ತದಾ?

ಆಗುತ್ತದೆ. ಮುಂದಿನ ಬ್ರೇಕಿನಲ್ಲಿ ಒಂದು ಕೈ ಲಿವರಿಗೆ, ಇನ್ನೊಂದು ನಿಪ್ಪಲಿಗೆ ಹೇಗೋ ಎಟಕುತ್ತದೆ. ಇನ್ನೊಂದು ದಾರಿ ಕೆಳಗಿನಿಂದ ಮೇಲಕ್ಕೆ ತುಂಬುವುದು. ಸಿರಿಂಜಿನಲ್ಲಿ ಹೊಸ ಆಯಿಲ್ ತುಂಬಿ, ಅದರಲ್ಲಿ ಗಾಳಿ ಇಲ್ಲದಂತೆ ನೋಡಿ, ನಿಪ್ಪಲಿನ ಮೂಲಕ ಮೆಲ್ಲಗೆ ತಳ್ಳುವುದು. ಗುಳ್ಳೆಗೆ ಮೇಲಕ್ಕೆ ಹೋಗುವುದೇ ಸಹಜ ದಾರಿ, ಹಾಗಾಗಿ ಪೂರ್ತಿ ಖಾಲಿಯಾದ ಬ್ರೇಕಿಗೆ ಇದು ತುಂಬಾ ಒಳ್ಳೆಯದು. ಮೇಲಿನ ಡಬ್ಬಿ ತುಂಬಿ ಚೆಲ್ಲದಂತೆ ಒಂದು ಕಣ್ಣು ಅಲ್ಲಿರಲಿ. ಆದರೆ ಕೊಳಕು ಹಳೆ ಆಯಿಲ್ ಒಳಗಿರುವಾಗ ಹೀಗೆ ಮಾಡಬೇಡಿ, ತಳದ ಕೆಸರೆಲ್ಲ ಮಾಸ್ಟರ್ ಸಿಲಿಂಡರಿಗೆ ಹೋಗುತ್ತದೆ.

ಗುಳ್ಳೆ ಬರುವುದು ನಿಲ್ಲುತ್ತಲೇ ಇಲ್ಲ. ಏನು ಮಾಡಲಿ?

ಸಿರಿಂಜು ಅಥವಾ ಪಂಪಿನಿಂದ ನಿಪ್ಪಲಿನಲ್ಲಿ ಎಳೆಯುತ್ತಿದ್ದರೆ ಆ ಸಣ್ಣ ಗುಳ್ಳೆಗಳು ನಿಪ್ಪಲಿನ ಸ್ಕ್ರೂ ಸುತ್ತುಗಳ ಸಂದಿಯಿಂದ ಒಳಗೆ ಬರುತ್ತಿರಬಹುದು. ಅದು ಬ್ರೇಕಿನೊಳಗಿನ ಗಾಳಿ ಅಲ್ಲ. ಲಿವರ್ ಒತ್ತುವ ವಿಧಾನಕ್ಕೆ ಬಂದು ನೋಡಿ.

ಲಿವರ್ ವಿಧಾನದಲ್ಲೂ ಬರುತ್ತಿದ್ದರೆ ಗಾಳಿ ಎಲ್ಲೋ ಅಡಗಿದೆ. ಅದರ ಮೆಚ್ಚಿನ ಜಾಗ ಮಾಸ್ಟರ್ ಸಿಲಿಂಡರಿಗೆ ಪೈಪ್ ಸೇರುವ ಬ್ಯಾಂಜೋ ಬೋಲ್ಟ್, ಯಾಕೆಂದರೆ ಪೈಪಿನ ಅತಿ ಎತ್ತರದ ಮೂಲೆ ಅದೇ. ಹ್ಯಾಂಡಲನ್ನು ಎಡಕ್ಕೆ, ಬಲಕ್ಕೆ ತಿರುಗಿಸಿ, ಪೈಪನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಕೆಳಗಿನಿಂದ ಮೇಲಕ್ಕೆ ತಟ್ಟುತ್ತಾ ಬನ್ನಿ. ಆಮೇಲೆ ಡಬ್ಬಿ ತೆರೆದಿಟ್ಟು ಲಿವರನ್ನು ಒಂದು ಇಂಚಿನ ಒಳಗೇ ಮೆಲ್ಲಗೆ ಅಲ್ಲಾಡಿಸಿ. ಡಬ್ಬಿಯ ತಳದ ಸಣ್ಣ ತೂತಿನಿಂದ ಸಾಸಿವೆ ಗಾತ್ರದ ಗುಳ್ಳೆಗಳು ಒಂದೊಂದಾಗಿ ಮೇಲೇಳುವುದು ಕಣ್ಣಿಗೇ ಕಾಣುತ್ತದೆ. ಇಲ್ಲಿ ತಾಳ್ಮೆ ಬೇಕು. ಜೋರಾಗಿ ಒತ್ತಿದರೆ ಆ ತೂತಿನಿಂದ ಆಯಿಲ್ ಚಿಮ್ಮಿ ಮುಖಕ್ಕೆ ಬರುತ್ತದೆ.

ರಾತ್ರಿ ಲಿವರನ್ನು ಹ್ಯಾಂಡಲಿಗೆ ಕಟ್ಟಿ ಬಿಟ್ಟರೆ ಬೆಳಿಗ್ಗೆ ಗಟ್ಟಿಯಾಗುತ್ತದೆ ಅನ್ನುತ್ತಾರಲ್ಲ?

ಉಳಿದ ಚೂರುಪಾರು ಗುಳ್ಳೆಗಳಿಗೆ ಇದು ಎಷ್ಟೋ ಸಲ ಉಪಯೋಗಕ್ಕೆ ಬರುತ್ತದೆ. ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟಿ. ಆದರೆ ಏರ್ ತೆಗೆಯುವ ಬದಲು ಇದೊಂದೇ ಮಾಡಿ ಓಡಿಸುವುದು ಬೇಡ.

ನಿಪ್ಪಲ್ ತುಕ್ಕು ಹಿಡಿದು ತಿರುಗುತ್ತಿಲ್ಲ.

ಕಾರವಾರ, ಗೋಕರ್ಣ, ಭಟ್ಕಳದ ಕಡೆ ಸಮುದ್ರದ ಬದಿಯಲ್ಲಿ ನಿಲ್ಲಿಸುವ ಬೈಕುಗಳಲ್ಲಿ ಇದು ಬಹಳ. ಹೆದ್ದಾರಿಯಲ್ಲಿ ಮೀನಿನ ಲಾರಿಗಳ ಹಿಂದೆ ಹೋಗುವಾಗ ಸಿಡಿಯುವ ಉಪ್ಪುನೀರಿನ ಪಾಲೂ ಇದೆ. ತುಕ್ಕು ಬಿಡಿಸುವ ಸ್ಪ್ರೇಯನ್ನು ಬಟ್ಟೆ ಅಡ್ಡ ಹಿಡಿದು, ಡಿಸ್ಕಿಗೂ ಪ್ಯಾಡಿಗೂ ತಾಗದಂತೆ ನಿಪ್ಪಲಿನ ಬುಡಕ್ಕೆ ಹಾಕಿ ಒಂದು ರಾತ್ರಿ ಬಿಡಿ. ಮಾರನೆಯ ದಿನ ನಿಪ್ಪಲಿನ ತಲೆಗೆ ಹಗುರಾಗಿ ತಟ್ಟಿ, ಆರು ಮೂಲೆಯ ಸಾಕೆಟ್ ಹಾಕಿ, ಮೊದಲು ತುಸು ಬಿಗಿ ಮಾಡುವ ಕಡೆಗೆ, ಆಮೇಲೆ ಸಡಿಲದ ಕಡೆಗೆ ತಿರುಗಿಸಿ. ಆಗಲೂ ಬಾರದಿದ್ದರೆ ಅಲ್ಲಿಗೇ ನಿಲ್ಲಿಸಿ ಗ್ಯಾರೇಜಿಗೆ ಒಯ್ಯಿರಿ. ಮುರಿದ ನಿಪ್ಪಲ್ ತೆಗೆಯಲು ಡ್ರಿಲ್ ಬೇಕಾಗುತ್ತದೆ, ಕೆಲವೊಮ್ಮೆ ಕ್ಯಾಲಿಪರೇ ಹೊಸದು ಬೇಕಾಗುತ್ತದೆ.

ಹಿಂದಿನ ಬ್ರೇಕಿಗೂ ಇದೇ ಕ್ರಮವಾ?

ಹಿಂದೆ ಡಿಸ್ಕ್ ಇದ್ದರೆ ಇದೇ ಕ್ರಮ, ಲಿವರಿನ ಬದಲು ಪೆಡಲ್. ಡಬ್ಬಿ ಸಾಮಾನ್ಯವಾಗಿ ಪಕ್ಕದ ಕವರಿನ ಹತ್ತಿರ ಇರುತ್ತದೆ. ಕೆಲವು ಬೈಕುಗಳಲ್ಲಿ ಕ್ಯಾಲಿಪರ್ ಕೂತಿರುವ ರೀತಿಯಿಂದ ನಿಪ್ಪಲ್ ಅತಿ ಎತ್ತರದಲ್ಲಿ ಇರುವುದಿಲ್ಲ. ಆಗ ಕ್ಯಾಲಿಪರ್ ಬಿಚ್ಚಿ, ಪ್ಯಾಡುಗಳ ನಡುವೆ ಡಿಸ್ಕಿನಷ್ಟು ದಪ್ಪದ ಮರದ ಪಟ್ಟಿ ಸಿಗಿಸಿ, ನಿಪ್ಪಲ್ ಮೇಲೆ ಬರುವಂತೆ ಎತ್ತಿ ಹಿಡಿದು ಏರ್ ತೆಗೆಯಬೇಕು. ಪಟ್ಟಿ ಇಡದೆ ಪೆಡಲ್ ಒತ್ತಿದರೆ ಪಿಸ್ಟನ್ ಹೊರಗೆ ಬಂದುಬಿಡುತ್ತದೆ.

ಹಿಂದೆ ಡ್ರಮ್ ಇದ್ದರೆ ಏರ್ ಅನ್ನುವ ಮಾತೇ ಇಲ್ಲ. ಅದು ರಾಡ್ ಅಥವಾ ಕೇಬಲ್. ಹಿಂದಿನ ನಟ್ ಬಿಗಿ ಮಾಡಿ, ಬ್ರೇಕ್ ಶೂ ಸವೆದಿದೆಯಾ ನೋಡಿ.

ನನ್ನ ಬೈಕಿನಲ್ಲಿ ಎಬಿಎಸ್ ಇದೆ. ಮನೆಯಲ್ಲಿ ಮಾಡಬಹುದಾ?

2019ರ ಏಪ್ರಿಲ್ ನಂತರ ಮಾರಾಟವಾದ 125 ಸಿಸಿಗಿಂತ ದೊಡ್ಡ ಬೈಕುಗಳಲ್ಲಿ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಇದ್ದೇ ಇರುತ್ತದೆ, ಹಾಗಾಗಿ ಈ ಪ್ರಶ್ನೆ ಈಗ ಎಲ್ಲರದ್ದೂ. ಡಬ್ಬಿ ಖಾಲಿಯಾಗಲು ಬಿಡದೆ ಬರೀ ಹಳೆ ಆಯಿಲ್ ತೆಗೆದು ಹೊಸದು ಹಾಕುವುದಾದರೆ ಸಾಮಾನ್ಯವಾಗಿ ಮೇಲಿನ ಕ್ರಮವೇ ಸಾಕು. ಎಬಿಎಸ್ ಪೆಟ್ಟಿಗೆಯೊಳಗೇ ಗಾಳಿ ಹೋಗಿದ್ದರೆ, ಅಥವಾ ಪೈಪ್ ಬಿಚ್ಚಿ ಎಲ್ಲ ಖಾಲಿಯಾಗಿದ್ದರೆ, ಒಳಗಿನ ಪಂಪನ್ನು ಸ್ಕ್ಯಾನರಿನಿಂದ ಓಡಿಸಿ ಗಾಳಿ ತೆಗೆಯಬೇಕಾಗುತ್ತದೆ. ಅದು ಸ್ಕ್ಯಾನರ್ ಇರುವ ಸರ್ವಿಸ್ ಸೆಂಟರಿನ ಕೆಲಸ.

ಏರ್ ಎಲ್ಲ ತೆಗೆದೆ, ಆಯಿಲ್ ಹೊಸದು. ಆದರೂ ಮೆತ್ತಗೇ ಇದೆ!

ರಬ್ಬರ್ ಪೈಪನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಇನ್ನೊಬ್ಬರಿಗೆ ಲಿವರ್ ಬಲವಾಗಿ ಒತ್ತಲು ಹೇಳಿ. ಪೈಪು ಕೈಯಲ್ಲಿ ಉಬ್ಬಿದ್ದು ಗೊತ್ತಾದರೆ ಅದರ ಕಾಲ ಮುಗಿಯಿತು. ಬಗ್ಗಿಸಿದಾಗ ಸಣ್ಣ ಬಿರುಕು ಕಂಡರೂ ಅಷ್ಟೇ. ಹೊಸ ಪೈಪ್ ಹಾಕುವಾಗ ಬ್ಯಾಂಜೋ ಬೋಲ್ಟಿನ ಎರಡು ಬದಿಯ ವಾಷರುಗಳೂ ಹೊಸವೇ ಇರಲಿ.

ಆಮೇಲೆ ಕ್ಯಾಲಿಪರ್ ನೋಡಿ. ನಮ್ಮಲ್ಲಿ ಹೆಚ್ಚಿನ ಬೈಕುಗಳ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಅತ್ತಿತ್ತ ಜಾರಬೇಕು. ಕೆಂಪು ಕೆಸರು, ಉಪ್ಪು ಸೇರಿ ಪಿನ್ ಹಿಡಿದುಕೊಂಡರೆ ಒಂದೇ ಪ್ಯಾಡ್ ಡಿಸ್ಕನ್ನು ತಳ್ಳಿ ಬಗ್ಗಿಸುತ್ತದೆ, ಕೈಗೆ ಮೆತ್ತಗೆ ಅನ್ನಿಸುತ್ತದೆ. ಎರಡು ಪ್ಯಾಡುಗಳ ಸವೆತ ಬೇರೆ ಬೇರೆ ಇದ್ದರೆ ಇದೇ ಕಾರಣ ಇರಬಹುದು. ಪಿನ್ ತೆಗೆದು ಒರೆಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿ. ಚೈನಿಗೆ, ಬೇರಿಂಗಿಗೆ ಹಾಕುವ ಗ್ರೀಸ್ ಬೇಡ.

ಇವೆಲ್ಲ ಸರಿ ಇದ್ದರೆ ಉಳಿಯುವುದು ಮಾಸ್ಟರ್ ಸಿಲಿಂಡರಿನ ಸೀಲ್. ಕಿಟ್ ಸಿಗುತ್ತದೆ, ಆದರೆ ಮೊದಲ ಸಲ ಗೊತ್ತಿರುವ ಮೆಕ್ಯಾನಿಕ್ ಕೈಯಲ್ಲೇ ಹಾಕಿಸಿ, ಪಕ್ಕದಲ್ಲಿ ನಿಂತು ನೋಡಿ.

ಘಾಟಿಯ ಮಧ್ಯದಲ್ಲೇ ಲಿವರ್ ಮೆತ್ತಗಾದರೆ?

ಲಿವರನ್ನು ಬೇಗ ಬೇಗ ಒತ್ತಿ ಬಿಡಿ, ಸ್ವಲ್ಪ ಹಿಡಿತ ಬರುತ್ತದೆ. ಹಿಂದಿನ ಬ್ರೇಕ್ ಹಾಕುತ್ತಾ ಒಂದೊಂದೇ ಗೇರ್ ಇಳಿಸಿ, ಎಂಜಿನ್ ಬೈಕನ್ನು ಹಿಡಿದುಕೊಳ್ಳಲಿ. ಜಾಗ ಸಿಕ್ಕಿದ ಕೂಡಲೇ ಬದಿಗೆ ನಿಲ್ಲಿಸಿ. ಬಿಸಿ ಡಿಸ್ಕಿಗೆ ನೀರು ಹೊಯ್ಯಬೇಡಿ, ಬಾಗುತ್ತದೆ. ತಾನಾಗಿ ತಣ್ಣಗಾಗಲಿ. ಉಳಿದ ದಾರಿ ಎರಡನೇ ಗೇರಿನಲ್ಲಿ ಮೆಲ್ಲಗೆ ಇಳಿದು, ಊರು ಮುಟ್ಟಿದ ಮೇಲೆ ಮೊದಲ ಕೆಲಸ ಆಯಿಲ್ ಬದಲಾಯಿಸುವುದು.

ಪೆಟ್ರೋಲ್ ಉಳಿಸಲು ಎಂಜಿನ್ ಬಂದ್ ಮಾಡಿ ನ್ಯೂಟ್ರಲಿನಲ್ಲಿ ಘಾಟಿ ಇಳಿಯುವವರು ಇದ್ದಾರೆ. ದಯವಿಟ್ಟು ಮಾಡಬೇಡಿ. ಉಳಿಯುವ ಪೆಟ್ರೋಲ್ ಹನಿಗಳ ಲೆಕ್ಕದ್ದು, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್.

ಪ್ಯಾಡ್ ಮೇಲೆ ಆಯಿಲ್ ಬಿತ್ತು. ಉಜ್ಜಿದರೆ ಸಾಕಾ?

ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ಒರೆಸಿದರೆ ಸರಿಯಾಗುತ್ತದೆ. ಪ್ಯಾಡ್ ಆಯಿಲ್ ಕುಡಿದಿದ್ದರೆ ಉಪ್ಪುಕಾಗದ ಹಾಕಿ ಉಜ್ಜಿದರೂ ಬಿಸಿಯಾದಾಗ ಮತ್ತೆ ಹೊರಗೆ ಬರುತ್ತದೆ. ಹೊಸ ಪ್ಯಾಡ್ ಹಾಕಿ.

ತೆಗೆದ ಹಳೆ ಆಯಿಲ್ ಎಲ್ಲಿ ಚೆಲ್ಲಲಿ?

ಎಲ್ಲೂ ಚೆಲ್ಲಬೇಡಿ. ಬಾವಿ, ತೋಟ, ಗಟಾರ, ಹೊಳೆ ಯಾವುದೂ ಬೇಡ. ಅದು ವಿಷ. ಬಾಟಲಿಗೆ ಮುಚ್ಚಳ ಹಾಕಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಎಂಜಿನ್ ಆಯಿಲ್ ಜೊತೆ ಬೆರೆಸದೆ ಬೇರೆಯಾಗಿಯೇ ಕೊಡಿ.

ಕೆಲಸ ಮುಗಿಯಿತು. ಸೀದಾ ಓಡಿಸಬಹುದಾ?

ಮೊದಲು ಡಬ್ಬಿಯ ಮುಚ್ಚಳ, ನಿಪ್ಪಲ್, ಬಿಚ್ಚಿದ್ದ ಪ್ರತಿ ಬೋಲ್ಟ್ ಇನ್ನೊಮ್ಮೆ ನೋಡಿ. ಎಲ್ಲ ಕಡೆ ನೀರು ಹಾಕಿ ತೊಳೆದು ಒರೆಸಿ, ಟಿಶ್ಯೂ ಕಾಗದದ ಪರೀಕ್ಷೆ ಮತ್ತೊಮ್ಮೆ ಮಾಡಿ. ಬೈಕ್ ಮೇಲೆ ಕೂರುವ ಮೊದಲು ಲಿವರನ್ನು ಗಟ್ಟಿಯಾಗುವ ತನಕ ಒತ್ತಿ. ಅಂಗಳದಲ್ಲಿ ಬೈಕನ್ನು ತಳ್ಳಿಕೊಂಡು ಹೋಗಿ ಬ್ರೇಕ್ ಹಾಕಿ ನೋಡಿ, ಬಿಟ್ಟ ಮೇಲೆ ಚಕ್ರ ಹಗುರಾಗಿ ತಿರುಗುತ್ತದಾ ಅಂತಲೂ ನೋಡಿ. ಆಮೇಲೆ ನಡೆಯುವಷ್ಟು ವೇಗದಲ್ಲಿ, ಅದಾದ ಮೇಲೆ ವಾಹನ ಕಡಿಮೆ ಇರುವ ಸಮತಟ್ಟು ರಸ್ತೆಯಲ್ಲಿ. ಮಾರನೆಯ ಬೆಳಿಗ್ಗೆ ಡಬ್ಬಿಯ ಗೆರೆ ಇಳಿದಿಲ್ಲ, ಲಿವರ್ ಮೊದಲ ಒತ್ತಿಗೇ ಗಟ್ಟಿ ಇದೆ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ಘಾಟಿಯ ಕಡೆ ಹೊರಡಿ.